ಚಿಟಿಕೆ ಚಿನ್ನ, ಕಬ್ಬಿಣದ ಪೆಟ್ಟಿಗೆ

ಒಂದು ಚಿಟಿಕೆ ಅಂದರೆ ಎಷ್ಟು? ಸಾರಿಗೆ ಇಂಗು ಹಾಕುವಾಗ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಆದರೆ 1849ರ ಸ್ಯಾನ್ ಫ್ರಾನ್ಸಿಸ್ಕೊ ಊರಲ್ಲಿ ಒಂದು ಚಿಟಿಕೆ ಅಂದರೆ ಒಂದು ಡಾಲರ್. ಗುಡ್ಡದಿಂದ ಇಳಿದು ಬಂದವನು ಹೆಂಡದಂಗಡಿಯಲ್ಲಿ ತನ್ನ ಚರ್ಮದ ಚೀಲದ ಬಾಯಿ ಬಿಚ್ಚಿ ಹಿಡಿಯುತ್ತಿದ್ದ. ಅಂಗಡಿಯವನು ಎರಡು ಬೆರಳು ಒಳಗೆ ಇಳಿಸಿ, ಸಿಕ್ಕಷ್ಟು ಚಿನ್ನದ ಪುಡಿ ಎತ್ತಿಕೊಳ್ಳುತ್ತಿದ್ದ. ಲೆಕ್ಕ ಚುಕ್ತಾ. ದಪ್ಪ ಬೆರಳಿನವನಿಗೆ ಹೆಂಡದಂಗಡಿಯಲ್ಲಿ ಬೇಗ ಕೆಲಸ ಸಿಗುತ್ತದೆ ಎಂಬ ತಮಾಷೆಯೂ ಇತ್ತು.

ಕೈಯಲ್ಲಿ ಚಿನ್ನ ಇದೆ, ಜೇಬಿನಲ್ಲಿ ದುಡ್ಡಿಲ್ಲ. ಅಂಥ ಊರಿನಲ್ಲಿ ಬ್ಯಾಂಕು ಹೇಗೆ ಹುಟ್ಟಿತು, ಆರೇ ವರ್ಷದಲ್ಲಿ ಹೇಗೆ ಬಾಗಿಲು ಹಾಕಿಕೊಂಡಿತು ಎನ್ನುವುದು ಈ ಕಥೆ. ಚಿನ್ನ ತೆಗೆದವರ ಕಥೆ ಸಿನಿಮಾಗಳಲ್ಲಿ ಸಾಕಷ್ಟು ಬಂದಿದೆ. ತೆಗೆದ ಚಿನ್ನವನ್ನು ನಂಬಿ ಇನ್ನೊಬ್ಬರ ಕೈಗೆ ಕೊಟ್ಟವರ ಕಥೆ ಅಷ್ಟಾಗಿ ಬಂದಿಲ್ಲ.

1848ರ ಜನವರಿ 24ರಂದು ಕ್ಯಾಲಿಫೋರ್ನಿಯಾದ ಕೊಲೋಮಾ ಎಂಬಲ್ಲಿ, ಹೊಳೆ ಪಕ್ಕ ಮರ ಕೊಯ್ಯುವ ಗಿರಣಿ ಕಟ್ಟುತ್ತಿದ್ದ ಜೇಮ್ಸ್ ಮಾರ್ಷಲ್ ಎಂಬ ಬಡಗಿಗೆ ಕಾಲುವೆಯ ನೀರಿನಲ್ಲಿ ಹಳದಿ ಚೂರುಗಳು ಕಂಡವು. ಆಗ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಾವಿರ ಜನರೂ ಇರಲಿಲ್ಲ. ಮುಂದಿನ ವರ್ಷದ ಕೊನೆಗೆ ಸುಮಾರು 25,000 ಜನ! ಗುಡಾರ, ಹಲಗೆ ಮನೆ, ಕೆಸರು. ಬಂದರಿಗೆ ಬಂದ ಹಡಗಿನ ನಾವಿಕರೂ ಹಡಗು ಬಿಟ್ಟು ಗುಡ್ಡ ಹತ್ತಿದರು.

ಚಿನ್ನ ಅಂದ ಕೂಡಲೇ ನಮಗೆ ನೆನಪಾಗುವುದು ಕೋಲಾರದ ಗಣಿ. ಎರಡಕ್ಕೂ ದೊಡ್ಡ ವ್ಯತ್ಯಾಸವಿದೆ. ಕೆಜಿಎಫ್‌ನಲ್ಲಿ ಚಿನ್ನ ಆಳದ ಬಂಡೆಯೊಳಗಿತ್ತು, ತೆಗೆಯಲು ದೊಡ್ಡ ಕಂಪನಿ, ಯಂತ್ರ, ಬಂಡವಾಳ ಬೇಕಿತ್ತು. ಇಳಿದು ಅಗೆದ ಕಾರ್ಮಿಕನಿಗೆ ಸಿಗುತ್ತಿದ್ದುದು ಕೂಲಿ. ಕ್ಯಾಲಿಫೋರ್ನಿಯಾದಲ್ಲಿ ಮೊದಲ ವರ್ಷಗಳಲ್ಲಿ ಚಿನ್ನ ಹೊಳೆಯ ಮರಳಿನಲ್ಲೇ ಇತ್ತು. ಒಂದು ಬಾಣಲೆ, ಒಂದು ಸಲಿಕೆ ಇದ್ದರೆ ಸಾಕು, ಜಾಲಿಸಿ ಸಿಕ್ಕಿದ್ದು ಜಾಲಿಸಿದವನದ್ದೇ. ಹಾಗಾಗಿ ಅಲ್ಲಿ ಸಾವಿರಾರು ಜನ ಸಾಮಾನ್ಯರ ಕೈಯಲ್ಲಿ ನಿಜವಾದ ಚಿನ್ನ ಬಂತು. ಆ ಜಾಗ ತಲೆಮಾರುಗಳಿಂದ ಯಾರದ್ದಾಗಿತ್ತೋ ಆ ಮೂಲನಿವಾಸಿಗಳಿಗೆ ಸಿಕ್ಕಿದ್ದು ಮಾತ್ರ ಗುಂಡೇಟು, ರೋಗ. ಅದನ್ನು ಹೇಳದೆ ಮುಂದೆ ಹೋಗಲಾಗದು.

ಚಿನ್ನ ಸಿಕ್ಕಿತು. ರಾತ್ರಿ ಮಲಗುವಾಗ ಎಲ್ಲಿಡುವುದು?

ಗುಡಾರಕ್ಕೆ ಬೀಗವಿಲ್ಲ. ಸೊಂಟಕ್ಕೆ ಕಟ್ಟಿಕೊಂಡರೆ ಭಾರ, ದಾರಿಯಲ್ಲಿ ದರೋಡೆಯ ಭಯ. ನೆಲದಲ್ಲಿ ಹೂತರೆ ನೋಡಿದವರು ಯಾರೋ. ಆಗ ಜನ ನೋಡಿದ್ದು ದಿನಸಿ ಅಂಗಡಿಯವನ ಕಡೆಗೆ. ಅವನ ಹತ್ತಿರ ಎರಡು ವಸ್ತುಗಳಿದ್ದವು: ಒಂದು ತಕ್ಕಡಿ, ಒಂದು ಕಬ್ಬಿಣದ ಪೆಟ್ಟಿಗೆ. ಚೀಲಕ್ಕೆ ಹೆಸರಿನ ಚೀಟಿ ಕಟ್ಟಿ ಆ ಪೆಟ್ಟಿಗೆಯೊಳಗೆ ಇಡಿಸಿ ಬರುವುದು ರೂಢಿಯಾಯಿತು. ನಮ್ಮ ಹಳ್ಳಿಗಳಲ್ಲೂ ಸಂತೆಗೆ ಹೋದವರು ಪರಿಚಯದ ಮಂಡಿಯಲ್ಲಿ ದುಡ್ಡಿನ ಗಂಟು ಇಟ್ಟು ಬರುತ್ತಿದ್ದರಲ್ಲ, ಅದೇ. ಕ್ಯಾಲಿಫೋರ್ನಿಯಾದ ಬ್ಯಾಂಕಿನ ಮೂಲ ಈ ಪೆಟ್ಟಿಗೆ.

1849ರ ಜನವರಿಯಲ್ಲಿ ಹೆನ್ರಿ ನ್ಯಾಗ್ಲಿ ಎಂಬ ಮಾಜಿ ಸೈನ್ಯಾಧಿಕಾರಿ ತನ್ನ ಪಾಲುದಾರನ ಜೊತೆ ಸೇರಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೊದಲ ಬ್ಯಾಂಕು ತೆರೆದ. 'ವಿನಿಮಯ ಮತ್ತು ಠೇವಣಿ ಕಚೇರಿ' ಎಂದು ಹೆಸರು. 1850ರ ಸೆಪ್ಟೆಂಬರ್‌ನಲ್ಲಿ ಜನ ಮುಗಿಬಿದ್ದು ಹಣ ವಾಪಸು ಕೇಳಿದರು, ಬ್ಯಾಂಕು ಮುಳುಗಿತು. ಇಪ್ಪತ್ತು ತಿಂಗಳ ಆಯುಸ್ಸು.

ಅಷ್ಟರಲ್ಲಿ ಇನ್ನೂ ಹಲವರು ಬಂದಿದ್ದರು. ಬ್ಯಾಂಕು ತೆರೆಯಲು ಯಾರ ಪರವಾನಗಿಯೂ ಬೇಕಿರಲಿಲ್ಲ. ಬಂಡವಾಳ ಎಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ, ಲೆಕ್ಕ ತಪಾಸಣೆಗೆ ಯಾರೂ ಬರುತ್ತಿರಲಿಲ್ಲ. ಇದರ ಹಿಂದೆ ಒಂದು ವಿಚಿತ್ರವಿದೆ. 1849ರಲ್ಲಿ ಕ್ಯಾಲಿಫೋರ್ನಿಯಾದವರು ತಮ್ಮ ಸಂವಿಧಾನ ಬರೆಯುವಾಗ ಬ್ಯಾಂಕುಗಳ ಬಗ್ಗೆ ಸಿಟ್ಟಿನಿಂದಲೇ ಬರೆದಿದ್ದರು. 1837ರ ಬಿಕ್ಕಟ್ಟಿನಲ್ಲಿ ಅಮೆರಿಕದ ಎಷ್ಟೋ ಬ್ಯಾಂಕುಗಳ ನೋಟು ಬರೀ ಕಾಗದವಾಗಿದ್ದನ್ನು ಅವರು ಕಣ್ಣಾರೆ ಕಂಡವರು. ಹಾಗಾಗಿ ಯಾವ ಬ್ಯಾಂಕಿಗೂ ಸರ್ಕಾರ ಸನದು ಕೊಡಬಾರದು, ಯಾರೂ ಕಾಗದದ ನೋಟು ಹೊರಡಿಸಬಾರದು, ಚಿನ್ನ ಬೆಳ್ಳಿಯ ಠೇವಣಿ ಮಾತ್ರ ಇಟ್ಟುಕೊಳ್ಳಬಹುದು ಎಂದು ಬರೆದರು. ಉದ್ದೇಶ ಜನರ ರಕ್ಷಣೆ. ಆದರೆ ಸರ್ಕಾರ ಸನದನ್ನೇ ಕೊಡದ ಮೇಲೆ ಸನದಿಗೆ ಷರತ್ತು ಹಾಕುವುದೆಲ್ಲಿ ಬಂತು? ಮೇಲ್ವಿಚಾರಣೆಗೆ ಒಂದು ದಾರಿಯೇ ಉಳಿಯಲಿಲ್ಲ. ಬೋರ್ಡು ಬರೆಸಿ ನೇತು ಹಾಕಿದವನೇ ಬ್ಯಾಂಕರ್. ಬಾಗಿಲು ಭದ್ರ ಮಾಡಲು ಹೋಗಿ ಕಿಟಕಿ ಮರೆತ ಹಾಗಾಯಿತು.

ನೋಟು ಇಲ್ಲ ಅಂದ ಮೇಲೆ ನಾಣ್ಯ ಬೇಕಲ್ಲ. ಸರ್ಕಾರದ ಟಂಕಸಾಲೆ ಅಲ್ಲಿ ಶುರುವಾಗಿದ್ದು 1854ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಪುಡಿಯೇ ಹಣ. ಔನ್ಸಿಗೆ, ಅಂದರೆ ಸುಮಾರು 31 ಗ್ರಾಂಗೆ, ಊರಿನ ವ್ಯಾಪಾರದಲ್ಲಿ 16 ಡಾಲರ್ ದರ. ಅಪ್ಪಟ ಚಿನ್ನಕ್ಕೆ ಸರ್ಕಾರದ ದರ 20 ಡಾಲರ್ 67 ಸೆಂಟ್. ಹೊಳೆಯ ಚಿನ್ನ ಅಪ್ಪಟವಲ್ಲ ನಿಜ, ಆದರೂ ನಡುವೆ ಉಳಿಯುತ್ತಿದ್ದ ಲಾಭ ಕೊಂಡವನದ್ದು. ಪುಡಿ ಕೊಂಡು, ಪೂರ್ವದ ಊರುಗಳಿಗೆ ಹಡಗಿನಲ್ಲಿ ಕಳಿಸಿ, ಅಲ್ಲಿ ನಾಣ್ಯ ಮಾಡಿಸುವುದು ಆ ಕಾಲದ ಬ್ಯಾಂಕರ್‌ನ ಮುಖ್ಯ ದುಡಿಮೆ.

ಕೆಲವರು ಇನ್ನೂ ಮುಂದೆ ಹೋಗಿ ತಾವೇ ನಾಣ್ಯ ಹೊಡೆದರು. ಖಾಸಗಿ ಕಂಪನಿಗಳ 5, 10, 20 ಡಾಲರಿನ ಚಿನ್ನದ ನಾಣ್ಯಗಳು ಊರೆಲ್ಲ ಓಡಾಡಿದವು. 1851ರ ಮಾರ್ಚ್‌ನಲ್ಲಿ ಒಬ್ಬ ಬ್ಯಾಂಕರ್‌ಗೆ ಅನುಮಾನ ಬಂತು. ಅವನು ಬೇರೆ ಬೇರೆ ಕಂಪನಿಗಳ ನಾಣ್ಯಗಳನ್ನು ಸರ್ಕಾರಿ ಪರೀಕ್ಷಕನ ಹತ್ತಿರ ಕಳಿಸಿ ಒರೆಗೆ ಹಚ್ಚಿಸಿದ. ಬಾಲ್ಡ್‌ವಿನ್ ಕಂಪನಿಯ 20 ಡಾಲರ್ ನಾಣ್ಯದಲ್ಲಿ ಇದ್ದ ಚಿನ್ನದ ಬೆಲೆ 19 ಡಾಲರ್ 40 ಸೆಂಟ್ ಎಂದು ಗೊತ್ತಾಯಿತು. ಒಂದು ನಾಣ್ಯಕ್ಕೆ 60 ಸೆಂಟ್ ಏನು ಮಹಾ ಅನ್ನಿಸಬಹುದು. ಲಕ್ಷಗಟ್ಟಲೆ ಡಾಲರಿನ ನಾಣ್ಯ ಹೊಡೆದವನಿಗೆ ಅದು ಮಹಾ ಮೊತ್ತವೇ. ವರದಿ ಹೊರಬಿದ್ದದ್ದೇ ತಡ, ಖಾಸಗಿ ನಾಣ್ಯಗಳನ್ನು ಅಂಗಡಿಗಳು ಮುಟ್ಟಲಿಲ್ಲ, ಕೈಯಲ್ಲಿ ಹಿಡಿದಿದ್ದ ಬಡವರು ನಷ್ಟಕ್ಕೆ ಮಾರಿದರು. ಒರೆಗೆ ಹಚ್ಚಿಸಿದವನ ಹೆಸರು ಜೇಮ್ಸ್ ಕಿಂಗ್ ಆಫ್ ವಿಲಿಯಂ. ಊರಿನಲ್ಲಿ ಜೇಮ್ಸ್ ಕಿಂಗ್ ಎಂಬ ಹೆಸರಿನವರು ಬಹಳ ಇದ್ದರೆಂದು ಅಪ್ಪನ ಹೆಸರನ್ನು ಹಿಂದೆ ಸೇರಿಸಿಕೊಂಡಿದ್ದ. ಈ ಹೆಸರು ನೆನಪಿರಲಿ, ಮತ್ತೆ ಬರುತ್ತಾನೆ.

ಗುಡ್ಡದ ಮೇಲಿನವರಿಗೆ ಪಟ್ಟಣದ ಬ್ಯಾಂಕು ದೂರ. ಅವರಿಗೆ ಬ್ಯಾಂಕನ್ನು ತಲುಪಿಸಿದ್ದು ಟಪಾಲು. ಅಲೆಕ್ಸಾಂಡರ್ ಟಾಡ್ ಎಂಬಾತ ತಲೆಗೆ ಒಂದು ಡಾಲರ್ ತೆಗೆದುಕೊಂಡು ಗಣಿಗಾರರ ಹೆಸರು ಪಟ್ಟಿ ಮಾಡಿಕೊಂಡ. ಸ್ಯಾನ್ ಫ್ರಾನ್ಸಿಸ್ಕೊದ ಅಂಚೆ ಕಚೇರಿಗೆ ಹೋಗಿ ಅವರ ಕಾಗದಗಳನ್ನು ತಂದುಕೊಟ್ಟ. ಒಂದು ಕಾಗದಕ್ಕೆ ಒಂದು ಔನ್ಸ್ ಚಿನ್ನ! ಮನೆಯಿಂದ ಬಂದ ಕಾಗದಕ್ಕೆ ಜನ ಅಷ್ಟು ಕೊಡುತ್ತಿದ್ದರು. ವಾಪಸು ಹೋಗುವಾಗ ಅವರ ಚಿನ್ನವನ್ನೂ ಅವನೇ ಪಟ್ಟಣಕ್ಕೆ ಒಯ್ಯುತ್ತಿದ್ದ. ಹೆಂಡತಿಯ ಕಾಗದ ತಂದುಕೊಟ್ಟವನ ಮೇಲೆ ಹುಟ್ಟುವ ನಂಬಿಕೆ ಯಾವ ಜಾಹೀರಾತಿನಿಂದ ಬರುತ್ತದೆ ಹೇಳಿ?

ಇದೇ ದಾರಿ ಹಿಡಿದು ದೊಡ್ಡದಾಗಿ ಬೆಳೆದದ್ದು ಆಡಮ್ಸ್ ಅಂಡ್ ಕಂಪನಿ. ಕಾಗದ, ಪಾರ್ಸೆಲ್, ಚಿನ್ನ ಸಾಗಿಸುವುದು ಇವರ ಮೂಲ ಕೆಲಸ. ಗಣಿಯ ಊರೂರಿನಲ್ಲೂ ಇವರ ಕಚೇರಿ, ಕಚೇರಿಯಲ್ಲಿ ತಕ್ಕಡಿ, ಪೆಟ್ಟಿಗೆ. ಚಿನ್ನ ತಂದು ಕೊಟ್ಟರೆ ರಸೀದಿ ಬರೆದು ಕೊಡುತ್ತಿದ್ದರು. 1852ರಲ್ಲಿ ವೆಲ್ಸ್ ಫಾರ್ಗೊ ಕೂಡ ಇದೇ ವ್ಯವಹಾರಕ್ಕೆ ಇಳಿಯಿತು. ಆದರೂ ಗಣಿಗಾರರ ಬಾಯಲ್ಲಿ ಬ್ಯಾಂಕು ಅಂದರೆ ಆಡಮ್ಸ್.

ಇಲ್ಲಿ ಒಂದು ಸಣ್ಣ ಬದಲಾವಣೆ ಆಗಿತ್ತು. ಹಳೆಯ ದಿನಸಿ ಅಂಗಡಿಯ ಪೆಟ್ಟಿಗೆಯಲ್ಲಿ ನಿಮ್ಮ ಚೀಲ ನಿಮ್ಮ ಚೀಲವಾಗಿಯೇ ಇರುತ್ತಿತ್ತು, ಚೀಟಿ ನೋಡಿ ವಾಪಸು ಕೊಡುತ್ತಿದ್ದರು. ಈಗ ಚಿನ್ನ ತೂಗಿ ಒಂದೇ ರಾಶಿಗೆ ಸೇರಿಸಿ, ನಿಮ್ಮ ಕೈಗೆ ಕೊಡುತ್ತಿದ್ದುದು ಇಷ್ಟು ಡಾಲರ್ ಕೊಡಬೇಕು ಎಂಬ ಕಾಗದ. ಅದರರ್ಥ, ನಿಮ್ಮ ಚಿನ್ನ ಈಗ ಬ್ಯಾಂಕಿನದ್ದು, ಬ್ಯಾಂಕು ನಿಮಗೆ ಸಾಲಗಾರ. ಗಣಿಗಾರ ಮಾತ್ರ ತನ್ನ ಚೀಲ ಇನ್ನೂ ಆ ಪೆಟ್ಟಿಗೆಯ ಮೂಲೆಯಲ್ಲಿದೆ ಎಂದೇ ನಂಬಿದ್ದ.

ಚೀಲ ಅಲ್ಲಿರಲಿಲ್ಲ. ಪಟ್ಟಣದಲ್ಲಿ ಸಾಲಕ್ಕೆ ಹೋಗಿತ್ತು. 1853ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಡ್ಡಿ ತಿಂಗಳಿಗೆ ನೂರಕ್ಕೆ 3. ಅಂದರೆ ವರ್ಷಕ್ಕೆ 36. ಅಷ್ಟು ಬಡ್ಡಿ ಕೊಟ್ಟು ಸಾಲ ತೆಗೆದವರು ನೀರಿನೊಳಗಿನ ನಿವೇಶನ ಕೊಂಡು ಸಮುದ್ರ ತುಂಬಿಸಿ ಕಟ್ಟಡ ಕಟ್ಟಿದರು, ಹಡಗುಗಟ್ಟಲೆ ಮಾಲು ತರಿಸಿದರು. ತಿಂಗಳಿಗೆ ಎರಡು ಸಲ, ಪನಾಮಾ ದಾರಿಯಲ್ಲಿ ಪೂರ್ವಕ್ಕೆ ಹಡಗು ಹೊರಡುವ ದಿನ ಬಂತೆಂದರೆ ಊರಿಗೆ ಜ್ವರ. ನ್ಯೂಯಾರ್ಕಿಗೆ ಹಣ ಕಳಿಸಬೇಕಾದ ವ್ಯಾಪಾರಿಗಳು ತಮಗೆ ಬಾಕಿ ಇದ್ದವರ ಬೆನ್ನು ಹತ್ತುತ್ತಿದ್ದರು, ಅವರು ಇನ್ನೊಬ್ಬರ ಬೆನ್ನು ಹತ್ತುತ್ತಿದ್ದರು. ಹಡಗು ಹೋದ ಮೇಲೆ ಊರು ಉಸಿರು ಬಿಡುತ್ತಿತ್ತು.

ಈ ಗದ್ದಲದಿಂದ ದೂರ ಇದ್ದವರು ಚೀನಾದಿಂದ ಬಂದ ಗಣಿಗಾರರು. ವಿದೇಶಿ ಗಣಿಗಾರರ ಮೇಲೆ 1850ರಲ್ಲಿ ತಿಂಗಳಿಗೆ 20 ಡಾಲರ್ ತೆರಿಗೆ ಹಾಕಿದ್ದರು, 1852ರಲ್ಲಿ ಮತ್ತೆ 3 ಡಾಲರ್ ತೆರಿಗೆ ತಂದರು. ಬಿಳಿಯರ ಕಚೇರಿಗಳಿಗಿಂತ ಅವರಿಗೆ ತಮ್ಮ ಊರು, ಜಿಲ್ಲೆಯವರ ಸಂಘಗಳ ಮೇಲೆಯೇ ಹೆಚ್ಚು ಭರವಸೆ. ಊರಿನವನ ಕೈಯಲ್ಲಿ ಊರಿಗೆ ಹಣ ಕಳಿಸುವ ಪದ್ಧತಿ ನಮ್ಮ ದುಬೈ ಮುಂಬೈ ಹೋದವರಿಗೂ ಹೊಸದೇನಲ್ಲ.

1854ರಲ್ಲಿ ಗಾಳಿ ತಿರುಗಿತು. ತರಿಸಿದ ಮಾಲು ಗೋದಾಮಿನಲ್ಲಿ ಕೊಳೆಯಿತು, ನಿವೇಶನದ ಬೆಲೆ ಇಳಿಯಿತು. ಅಕ್ಟೋಬರ್‌ನಲ್ಲಿ ಹೆನ್ರಿ ಮೆಗ್ಸ್ ಎಂಬ, ಊರೆಲ್ಲ 'ಪ್ರಾಮಾಣಿಕ ಹ್ಯಾರಿ' ಎಂದು ಕರೆಯುತ್ತಿದ್ದ ಶ್ರೀಮಂತ, ನಗರಸಭೆಯ ನಕಲಿ ಪತ್ರಗಳನ್ನು ಅಡವಿಟ್ಟು ಸಾಲ ಎತ್ತಿ, ಸಂಸಾರ ಸಮೇತ ರಾತ್ರೋರಾತ್ರಿ ಹಡಗು ಹತ್ತಿ ಚಿಲಿ ದೇಶಕ್ಕೆ ಓಡಿದ. (ಮುಂದೆ ಪೆರುವಿನಲ್ಲಿ ರೈಲು ದಾರಿ ಕಟ್ಟಿಸಿ ದೊಡ್ಡ ಮನುಷ್ಯನೂ ಆದ. ಅಂಥವರಿಗೆ ಎಲ್ಲೋ ಒಂದು ಕಡೆ ನೆಲೆ ಸಿಕ್ಕೇ ಸಿಗುತ್ತದೆ.) ಅದರ ಮೇಲೆ ಆ ಚಳಿಗಾಲ ಮಳೆ ಕೈಕೊಟ್ಟಿತು. ಮಳೆಗೂ ಬ್ಯಾಂಕಿಗೂ ಏನು ಸಂಬಂಧ ಅಂದಿರಾ? ಹೊಳೆಯಲ್ಲಿ ನೀರಿಲ್ಲದೆ ಮಣ್ಣು ತೊಳೆಯಲಾಗದು, ತೊಳೆಯದೆ ಚಿನ್ನವಿಲ್ಲ. ಬೆಳೆ ಒಣಗಿದ ವರ್ಷ ಸೊಸೈಟಿ ಸಾಲ ವಸೂಲಿ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ.

1855ರ ಫೆಬ್ರವರಿ ಮಧ್ಯದಲ್ಲಿ ಒರೆಗಾನ್ ಎಂಬ ಹಡಗು ಬಂದರಿಗೆ ಬಂತು. ಅದರಲ್ಲಿ ಬಂದ ಪತ್ರಿಕೆಗಳಲ್ಲಿ ಒಂದು ಸುದ್ದಿ: ಸೇಂಟ್ ಲೂಯಿಸ್ ನಗರದ ಪೇಜ್ ಅಂಡ್ ಬೇಕನ್ ಬ್ಯಾಂಕು ಹಣ ಕೊಡುವುದನ್ನು ನಿಲ್ಲಿಸಿದೆ. ಅವರು ಒಂದು ರೈಲು ದಾರಿಗೆ ಸಾಲ ಕೊಟ್ಟು ಕೈ ಸುಟ್ಟುಕೊಂಡಿದ್ದರು. ಅವರದ್ದೇ ಶಾಖೆಯಂತಿದ್ದ ಪೇಜ್, ಬೇಕನ್ ಕಂಪನಿ ಸ್ಯಾನ್ ಫ್ರಾನ್ಸಿಸ್ಕೊದ ಅತಿ ದೊಡ್ಡ ಬ್ಯಾಂಕುಗಳಲ್ಲಿ ಒಂದು. ಸಾವಿರಾರು ಕಿಲೋಮೀಟರ್ ಆಚೆಯ ರೈಲು ದಾರಿಗೂ ಗುಡ್ಡದ ಹೊಳೆಯಲ್ಲಿ ಮಂಡಿವರೆಗೆ ನೀರಲ್ಲಿ ನಿಂತವನಿಗೂ ಇದ್ದ ನಂಟು ಅವತ್ತು ಬಯಲಾಯಿತು.

ಜನ ಸಾಲುಗಟ್ಟಿದರು. ಫೆಬ್ರವರಿ 22ರ ಗುರುವಾರ ಪೇಜ್, ಬೇಕನ್ ಬಾಗಿಲು ಮುಚ್ಚಿತು. 23ರ ಶುಕ್ರವಾರ ಆಡಮ್ಸ್ ತೆರೆಯಲೇ ಇಲ್ಲ. ವೆಲ್ಸ್ ಫಾರ್ಗೊ ಕೂಡ ಮುಚ್ಚಿತು. ಆ ದಿನಕ್ಕೆ ಕರಾಳ ಶುಕ್ರವಾರ ಎಂದೇ ಹೆಸರು ಬಿತ್ತು.

ಅವತ್ತು ಬಾಗಿಲು ತೆರೆದಿಟ್ಟ ಕೆಲವೇ ಬ್ಯಾಂಕುಗಳಲ್ಲಿ ಒಂದರ ಮ್ಯಾನೇಜರ್ ವಿಲಿಯಂ ಶೆರ್ಮನ್. ಮುಂದೆ ಅಮೆರಿಕದ ಅಂತರ್ಯುದ್ಧದಲ್ಲಿ ಅಟ್ಲಾಂಟಾ ನಗರ ಸುಟ್ಟ ಜನರಲ್ ಶೆರ್ಮನ್ ಇವನೇ. ಆಗ ಮಾತ್ರ ಲ್ಯೂಕಾಸ್, ಟರ್ನರ್ ಬ್ಯಾಂಕಿನ ಗುಮಾಸ್ತಿಕೆಯ ತಲೆನೋವು ಹೊತ್ತ, ಉಬ್ಬಸದಿಂದ ನರಳುತ್ತಿದ್ದ ಮನುಷ್ಯ. ಮೆಗ್ಸ್ ಮೇಲೆ ಮೊದಲೇ ಅನುಮಾನ ಬಂದು ಅವನ ಸಾಲವನ್ನು ಇಳಿಸಿಕೊಂಡು ಬಂದಿದ್ದ, ಸಿಕ್ಕಸಿಕ್ಕವರಿಗೆ ಸಾಲ ಕೊಟ್ಟಿರಲಿಲ್ಲ. ಶುಕ್ರವಾರ ಕೌಂಟರ್ ಮುಂದೆ ಜನ ನೂಕಾಡುತ್ತಿದ್ದಾಗ ಕೇಳಿದವರಿಗೆಲ್ಲ ಹಣ ಎಣಿಸಿ ಕೊಡಿಸಿದ. ಪೆಟ್ಟಿಗೆಯ ತಳ ಕಾಣತೊಡಗಿದಾಗ ತಾನೇ ಬೀದಿಗಿಳಿದು ಪರಿಚಯದವರ ಹತ್ತಿರ ಹೋಗಿ ಹಣ ಹೊಂದಿಸಿ ತಂದ. ಸಂಜೆಯವರೆಗೆ ಬಾಗಿಲು ತೆರೆದೇ ಇತ್ತು. ಮರುದಿನ ಜನ ಅದೇ ಹಣವನ್ನು ಮತ್ತೆ ತಂದು ಕಟ್ಟತೊಡಗಿದರು.

ಆ ದಿನದ ಒಂದು ಪ್ರಸಂಗವನ್ನು ಶೆರ್ಮನ್ ತನ್ನ ಆತ್ಮಕಥೆಯಲ್ಲಿ ಹೇಳಿದ್ದಾನೆ. ಒಬ್ಬ ಫ್ರೆಂಚ್ ಮನುಷ್ಯ ಜನರ ನಡುವೆ ಹಿಂಡಿ ಹಿಪ್ಪೆಯಾಗಿ ಕೌಂಟರ್ ತಲುಪಿ ಹಣ ಪಡೆದ. ಪಡೆದ ಮೇಲೆ ಅದನ್ನೇನು ಮಾಡುವುದೆಂದು ತೋಚದೆ ನಿಂತ. ನಿಮ್ಮ ಹತ್ತಿರ ಹಣ ಇದೆಯೆಂದರೆ ನನಗೆ ಅದು ಬೇಡ, ಇಲ್ಲವೆಂದರೆ ಮಾತ್ರ ಬೇಕೇ ಬೇಕು ಎನ್ನುವುದು ಅವನ ಹರಕು ಇಂಗ್ಲಿಷಿನ ವಾದ. ಬ್ಯಾಂಕಿನ ಬಗ್ಗೆ ನಾನು ಓದಿದ ಪಾಠಗಳಲ್ಲಿ ಇಷ್ಟು ಸ್ಪಷ್ಟವಾಗಿ ಯಾವುದೂ ಇರಲಿಲ್ಲ.

ಆದರೆ ಆ ಸಾಲಿನಲ್ಲಿ ನಿಲ್ಲಲು ಪಟ್ಟಣದಲ್ಲಿರಬೇಕಿತ್ತು. ಗುರುವಾರ ಬೆಳಿಗ್ಗೆಯೇ ಸುದ್ದಿ ತಿಳಿದ ವ್ಯಾಪಾರಿ, ವಕೀಲ, ಬ್ಯಾಂಕಿನವರ ಗೆಳೆಯ ತಮ್ಮ ಹಣ ಎತ್ತಿಕೊಂಡರು. ಸ್ಯಾಕ್ರಮೆಂಟೊ, ಮೇರಿಸ್‌ವಿಲ್ ವರೆಗೆ 1853ರಲ್ಲೇ ತಂತಿ ಬಂದಿತ್ತು, ಅಲ್ಲಿಗೂ ಸುದ್ದಿ ಬೇಗ ಮುಟ್ಟಿತು. ತಂತಿ ಇಲ್ಲದ ಗುಡ್ಡದ ಊರುಗಳಿಗೆ ಸುದ್ದಿ ಹೋದದ್ದು ಕುದುರೆಯ ಮೇಲೆ. ಕುದುರೆ ತಲುಪಿದಾಗ ಪಟ್ಟಣದ ಆಡಮ್ಸ್ ಬಾಗಿಲು ಹಾಕಿಯಾಗಿತ್ತು. ಕೈಯಲ್ಲಿದ್ದ ರಸೀದಿ ಮಡಚಿ ಇಟ್ಟುಕೊಂಡವರು ಎಷ್ಟು ವರ್ಷದ ದುಡಿಮೆ ಮಡಚಿ ಇಟ್ಟಿದ್ದರೋ. ಊರಿಗೆ ಹಿಂದಿರುಗಿ ಹೊಲ ಕೊಳ್ಳಬೇಕೆಂದು ಬಂದಿದ್ದವರು ಅವರಲ್ಲಿ ಬಹಳ ಮಂದಿ.

ವೆಲ್ಸ್ ಫಾರ್ಗೊ ಲೆಕ್ಕ ಹಾಕಿ, ಕೊಡಬೇಕಾದ್ದಕ್ಕಿಂತ ಆಸ್ತಿ ಹೆಚ್ಚಿದೆ ಎಂದು ತೋರಿಸಿ, ಕೆಲವೇ ದಿನಗಳಲ್ಲಿ ಮತ್ತೆ ತೆರೆಯಿತು. ಆಡಮ್ಸ್ ಬಿಟ್ಟುಹೋದ ದಾರಿಗಳೆಲ್ಲ ಅದರ ಪಾಲಾದವು. ಆಡಮ್ಸ್ ಕಂಪನಿಯ ಮುಖ್ಯಸ್ಥ ಐಸಾಯ ವುಡ್ಸ್ ಹಡಗು ಹತ್ತಿ ದೇಶ ಬಿಟ್ಟ. ಉಳಿದ ಚಿನ್ನವನ್ನು ಹಂಚಲು ನೇಮಿಸಿದ ಅಧಿಕಾರಿಯ ಮೇಲೆಯೇ ದಾವೆ ಬಿತ್ತು. ದಾವೆಯ ಮೇಲೆ ದಾವೆ. ನಮ್ಮಲ್ಲಿ ಚೀಟಿ ಕಂಪನಿ ಮುಳುಗಿದ ಮೇಲೆ ಕೋರ್ಟಿನ ಮೆಟ್ಟಿಲು ಸವೆಸಿದವರಿಗೆ ಆ ನಂತರದ ಕಥೆ ಬೇರೆ ಹೇಳಬೇಕಿಲ್ಲ.

ಶೆರ್ಮನ್ 1857ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವ್ಯವಹಾರ ಮುಗಿಸಿ ಹೊರಟ. ಸೈನ್ಯದ ಗೆಳೆಯರು ಅವನನ್ನು ನಂಬಿ ಹೂಡಲು ಕೊಟ್ಟಿದ್ದ ಹಣದಲ್ಲಿ ನಷ್ಟವಾಗಿತ್ತು. ಕಾನೂನಿನ ಪ್ರಕಾರ ಅವನು ಹೊಣೆಯಲ್ಲ. ಆದರೂ ಸ್ವಂತ ಆಸ್ತಿಯಿಂದ ತುಂಬಿಕೊಟ್ಟ.

ಇನ್ನು ಜೇಮ್ಸ್ ಕಿಂಗ್ ಆಫ್ ವಿಲಿಯಂ. ಅವನ ಸ್ವಂತ ಬ್ಯಾಂಕು 1854ರಲ್ಲೇ ಸೋತು ಆಡಮ್ಸ್ ಜೊತೆ ಸೇರಿಹೋಗಿತ್ತು. ಆಡಮ್ಸ್ ಮುಳುಗಿದಾಗ ಅವನೂ ಅದರ ನೌಕರ. ಕೈ ಖಾಲಿ, ಮನೆ ತುಂಬ ಮಕ್ಕಳು. 1855ರ ಅಕ್ಟೋಬರ್ 8ರಂದು ಅವನು ಒಂದು ಪತ್ರಿಕೆ ಶುರು ಮಾಡಿದ, 'ಡೈಲಿ ಈವ್ನಿಂಗ್ ಬುಲೆಟಿನ್'. ಮೊದಲ ವಾರಗಳಿಂದಲೇ ಬ್ಯಾಂಕುಗಳ ಒಳಗುಟ್ಟು ಬರೆದ. ಊರಿನ ರಾಜಕಾರಣಿಗಳ ಜೊತೆ ಕೈಜೋಡಿಸಿದ್ದ ಪಾಮರ್, ಕುಕ್ ಎಂಬ ಬ್ಯಾಂಕನ್ನು ಹೆಸರು ಹಿಡಿದು ತರಾಟೆಗೆ ತೆಗೆದುಕೊಂಡ. ತಾನೇ ಕೌಂಟರ್ ಹಿಂದೆ ಕೂತಿದ್ದವನಾದ್ದರಿಂದ ಎಲ್ಲಿ ಬೆರಳಿಟ್ಟರೆ ನೋಯುತ್ತದೆ ಎಂದು ಗೊತ್ತಿತ್ತು. ಅವನು ಸಂತನೇನಲ್ಲ. ಬರವಣಿಗೆ ಒರಟು, ಎಷ್ಟೋ ಸಲ ವೈಯಕ್ತಿಕ ನಿಂದನೆ, ತನ್ನ ಪಾಲಿನ ತಪ್ಪಿನ ಬಗ್ಗೆ ಅಷ್ಟೇ ಬಿರುಸಿಲ್ಲ. ಆದರೂ ಪತ್ರಿಕೆ ಬಿಸಿ ಬಿಸಿ ದೋಸೆಯ ಹಾಗೆ ಖರ್ಚಾಯಿತು. ಕಳೆದುಕೊಂಡ ಜನರಿಗೆ ತಮ್ಮ ಪರ ಬರೆಯುವವನೊಬ್ಬ ಸಿಕ್ಕಿದ್ದ.

1856ರ ಮೇ 14ರ ಸಂಜೆ, ಜೇಮ್ಸ್ ಕೇಸಿ ಎಂಬ ನಗರಸಭಾ ಸದಸ್ಯ ಬೀದಿಯಲ್ಲೇ ಅವನಿಗೆ ಗುಂಡು ಹೊಡೆದ. ಕೇಸಿ ಹಿಂದೆ ಸಿಂಗ್ ಸಿಂಗ್ ಜೈಲಿನಲ್ಲಿದ್ದವನು ಎಂದು ಅವತ್ತಿನ ಪತ್ರಿಕೆಯಲ್ಲಿ ಬರೆದಿದ್ದೇ ಕಾರಣ. ಆರು ದಿನ ನರಳಿ ಕಿಂಗ್ ಸತ್ತ. ಮೇ 22ರಂದು ಊರಿನ ಜನರ ಸಮಿತಿಯೊಂದು ಕಾನೂನನ್ನು ಕೈಗೆತ್ತಿಕೊಂಡು ಕೇಸಿಯನ್ನು ನೇಣಿಗೆ ಹಾಕಿತು. ಆ ಸಮಿತಿ ಮಾಡಿದ್ದು ಸರಿಯೇ ಎಂಬ ಜಗಳ ಇತಿಹಾಸಕಾರರಲ್ಲಿ ಇನ್ನೂ ಮುಗಿದಿಲ್ಲ. ಸರಿಯಲ್ಲ ಎನ್ನುವವರ ಕಡೆ ನಾನು.

ಬ್ಯಾಂಕುಗಳ ಲೆಕ್ಕ ನೋಡಲು ಕ್ಯಾಲಿಫೋರ್ನಿಯಾ ಸರ್ಕಾರ ಆಯುಕ್ತರನ್ನು ನೇಮಿಸಿದ್ದು 1878ರಲ್ಲಿ. ನ್ಯಾಗ್ಲಿಯ ಬ್ಯಾಂಕು ಮುಳುಗಿ ಆಗಲೇ 28 ವರ್ಷ ಆಗಿತ್ತು. ನಡುವೆ ಜನ ತಮ್ಮ ದಾರಿ ತಾವೇ ಹುಡುಕಿಕೊಂಡರು. 1859ರಲ್ಲಿ ಐರಿಷ್ ವಲಸಿಗರು ಸೇರಿ ಹೈಬರ್ನಿಯಾ ಎಂಬ ಉಳಿತಾಯ ಸಂಘ ಕಟ್ಟಿದರು. ಕೂಲಿಯವರು, ಮನೆಗೆಲಸದ ಹೆಂಗಸರು ಅಲ್ಲಿ ಹಣ ಇಟ್ಟರು. ಅದು ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು.

ಶೆರ್ಮನ್ ಕಟ್ಟಿಸಿದ ಬ್ಯಾಂಕಿನ ಇಟ್ಟಿಗೆ ಕಟ್ಟಡ ಸ್ಯಾನ್ ಫ್ರಾನ್ಸಿಸ್ಕೊದ ಮಾಂಟ್ಗೊಮೆರಿ ಬೀದಿಯ ಮೂಲೆಯಲ್ಲಿ ಈಗಲೂ ನಿಂತಿದೆ. ಗುಡ್ಡದ ಮೇಲೆ, ಕೊಲಂಬಿಯಾ ಎಂಬ ಹಳೆಯ ಗಣಿ ಊರಿನಲ್ಲಿ, 1858ರಲ್ಲಿ ಕಟ್ಟಿದ ವೆಲ್ಸ್ ಫಾರ್ಗೊ ಕಚೇರಿಯನ್ನು ಹಾಗೆಯೇ ಉಳಿಸಿದ್ದಾರೆ. ಪ್ರವಾಸಿಗರು ಹೋದರೆ ಮೊದಲು ಕಾಣುವುದು ಕೌಂಟರ್, ಅದರ ಮೇಲೆ ಚಿನ್ನ ತೂಗುತ್ತಿದ್ದ ತಕ್ಕಡಿ.